ಪಾಳೇಗಾರ ಹೋದ, ಅಮಲ್ದಾರ ಉಳಿದ

ಆಂಧ್ರದ ಗಡಿಯ ಆದೋನಿ ಸೀಮೆಯಿಂದ ಯಾವ ಕೆಟ್ಟ ಸುದ್ದಿ ಬಂದರೂ ಅದಕ್ಕೊಂದು ಸಿದ್ಧ ವಿವರಣೆ ಕಾದು ಕುಳಿತಿರುತ್ತದೆ. ವಿಜಯದಶಮಿಯ ರಾತ್ರಿ ದೇವರಗಟ್ಟಿನಲ್ಲಿ ಬಡಿಗೆ ಹಿಡಿದ ಜನ ತಲೆ ಒಡೆದುಕೊಂಡರೆ ಅದು ಊಳಿಗಮಾನ್ಯದ ಪಳೆಯುಳಿಕೆ. ಕೋಸಿಗಿ, ಆಸ್ಪರಿ, ಹೊಳಗುಂದದ ಕಡೆಯ ಸಂಸಾರಗಳು ಗಂಟುಮೂಟೆ ಕಟ್ಟಿಕೊಂಡು ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೋ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಗುಳೆ ಹೊರಟರೆ ಅದೂ ಊಳಿಗಮಾನ್ಯದ ಫಲ. ಎರಡು ಬಣಗಳು ಹಳ್ಳಿಯೊಳಗೆ ಬಾಂಬು ಎಸೆದುಕೊಂಡವು ಎಂದರಂತೂ ಟಿವಿಯವರಿಗೂ ಸಿನಿಮಾದವರಿಗೂ ಬೇರೆ ಪದವೇ ತೋಚುವುದಿಲ್ಲ.

ಈ ವಿವರಣೆಯ ಹಿಂದೆ ಒಂದು ಕತೆ ಇದೆ. ಪಠ್ಯಪುಸ್ತಕದಿಂದ ವಿಚಾರ ಸಂಕಿರಣದವರೆಗೆ ಅದನ್ನೇ ಹೇಳುತ್ತ ಬಂದಿದ್ದಾರೆ. ಯುರೋಪಿನಲ್ಲಿ ರೋಮ್ ಸಾಮ್ರಾಜ್ಯ ಕುಸಿದ ಮೇಲೆ ಅರಸರು ಸೊರಗಿದರು, ಪ್ರಭುಗಳು ಕೋಟೆ ಕಟ್ಟಿಕೊಂಡರು, ರೈತರು ಅವರ ನೆಲಕ್ಕೆ ಬಂಧಿಗಳಾದರು. ನಮ್ಮಲ್ಲಿಯೂ ಹಾಗೆಯೇ ಆಯಿತಂತೆ. ವಿಜಯನಗರದ ಅಮರನಾಯಕರೇ ನಮ್ಮ ಪ್ರಭುಗಳು, ವಿಜಯನಗರ ಬಿದ್ದ ಮೇಲೆ ತಲೆಯೆತ್ತಿದ ಪಾಳೇಗಾರರೇ ಕೋಟೆಯ ಒಡೆಯರು, ಅವರ ಕೈಕೆಳಗಿನ ರೈತರೇ ಸರ್ಫರು. ಆಮೇಲೆ 1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ, ಥಾಮಸ್ ಮನ್ರೋ ಬಂದು ಪಾಳೇಗಾರರನ್ನು ಮಟ್ಟಹಾಕಿ ರೈತನ ಕೈಗೆ ಪಟ್ಟಾ ಕೊಟ್ಟ, ಮಧ್ಯಯುಗ ಮುಗಿಯಿತು. ಇಂದಿಗೂ ಉಳಿದಿರುವುದು ಅದರ ಕೊಳೆ ಮಾತ್ರ.

ಈ ಕತೆ ಯುರೋಪಿನ ಮಟ್ಟಿಗೂ ಪೂರ್ತಿ ನಿಜವಲ್ಲ, ಆದೋನಿಯ ಮಟ್ಟಿಗಂತೂ ಸುಳ್ಳು. ಬರೀ ಸುಳ್ಳಾಗಿದ್ದರೆ ಇತಿಹಾಸದ ಮೇಷ್ಟ್ರುಗಳಿಗೆ ಬಿಟ್ಟು ಸುಮ್ಮನಿರಬಹುದಿತ್ತು. ಆದರೆ ಅದು ಇಬ್ಬರು ದೊಡ್ಡ ಆರೋಪಿಗಳನ್ನು ಕಟಕಟೆಗೆ ತಾರದೆ ಬಿಡುತ್ತಿದೆ. ಒಬ್ಬ ಆರೋಪಿ ಕಂದಾಯ ಎತ್ತಿದ ಸರ್ಕಾರ, ಇನ್ನೊಬ್ಬ ಆರೋಪಿ ಜಾತಿ.

ಮೊದಲು ಯುರೋಪನ್ನೇ ನೋಡೋಣ. ಷಾರ್ಲಮೇನ್ 800ರಲ್ಲಿ ರೋಮಿನಲ್ಲಿ ಚಕ್ರವರ್ತಿ ಪಟ್ಟ ಕಟ್ಟಿಸಿಕೊಂಡ. 843ರ ವೆರ್ಡನ್ ಒಪ್ಪಂದದಲ್ಲಿ ಅವನ ಮೂವರು ಮೊಮ್ಮಕ್ಕಳು ಸಾಮ್ರಾಜ್ಯವನ್ನು ಪಾಲು ಮಾಡಿಕೊಂಡರು. ಮುಂದಿನ ಇನ್ನೂರು ವರ್ಷಗಳಲ್ಲಿ ಫ್ರಾನ್ಸಿನ ಹಲವೆಡೆ ಕೋಟೆಯ ಒಡೆಯರು ನ್ಯಾಯ ತೀರ್ಮಾನವನ್ನೂ ದಂಡ ವಸೂಲಿಯನ್ನೂ ತಮ್ಮ ಕೈಗೆ ತೆಗೆದುಕೊಂಡದ್ದು ಹೌದು. ಆದರೆ ಅರಸನಿಂದ ಸರ್ಫನವರೆಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ, ಪಠ್ಯಪುಸ್ತಕದಲ್ಲಿ ಪಿರಮಿಡ್ಡಿನಂತೆ ಬರೆದು ತೋರಿಸುವ ಆ ಅಚ್ಚುಕಟ್ಟು ವ್ಯವಸ್ಥೆ ಆ ಕಾಲದ ಜನ ಕಂಡದ್ದಲ್ಲ. ಹನ್ನೆರಡನೆಯ ಶತಮಾನದಲ್ಲಿ ಲೊಂಬಾರ್ಡಿಯ ವಕೀಲರು ಭೂಹಿಡುವಳಿಯ ವ್ಯಾಜ್ಯಗಳಿಗಾಗಿ ಜೋಡಿಸಿದ ಕಾನೂನು ಪುಸ್ತಕಗಳನ್ನು ಮುಂದಿನ ಶತಮಾನಗಳ ಪಂಡಿತರು ಹಿಗ್ಗಿಸಿ ಇಡೀ ಯುರೋಪಿನ ಚಿತ್ರವನ್ನಾಗಿ ಮಾಡಿದರು. 1789ರ ಆಗಸ್ಟಿನಲ್ಲಿ ಫ್ರಾನ್ಸಿನ ರಾಷ್ಟ್ರೀಯ ಸಭೆ ‘ಊಳಿಗಮಾನ್ಯ ಆಡಳಿತವನ್ನು ಪೂರ್ತಿ ರದ್ದುಮಾಡಿದೆ’ ಎಂದು ಸಾರಿದಾಗ, ತಾನು ಕೆಡವುತ್ತಿರುವುದಕ್ಕೆಲ್ಲ ಒಂದೇ ಹೆಸರಿಟ್ಟಿತು. ರಾಜಕೀಯಕ್ಕೆ ಆ ಹೆಸರು ಅನುಕೂಲವಾಗಿತ್ತು, ಇತಿಹಾಸಕ್ಕೆ ಆಗಲಿಲ್ಲ. ಇತಿಹಾಸಕಾರರಾದ ಎಲಿಜಬೆತ್ ಬ್ರೌನ್ 1974ರಲ್ಲಿಯೂ ಸೂಸನ್ ರೆನಾಲ್ಡ್ಸ್ 1994ರಲ್ಲಿಯೂ ಈ ಚಿತ್ರವನ್ನು ಮೂಲ ದಾಖಲೆಗಳ ಪಕ್ಕ ಇಟ್ಟು ಕಳಚಿಹಾಕಿದರು. ಮಧ್ಯಯುಗದ ತಜ್ಞರಲ್ಲಿ ಅನೇಕರು ಈಗ ಆ ಮಾತನ್ನು ಬಳಸುವುದಕ್ಕೇ ಹಿಂಜರಿಯುತ್ತಾರೆ. ಯುರೋಪಿನವರು ಅನುಮಾನಿಸಿ ಪಕ್ಕಕ್ಕಿಟ್ಟದ್ದನ್ನು ನಾವು ಆಲೂರು, ಆದೋನಿಗಳ ಮೇಲೆ ಹೊದಿಸುತ್ತಿದ್ದೇವೆ.

ಇರಲಿ, ಹಳೆಯ ಅಳತೆಗೋಲಿನಿಂದಲೇ ಅಳೆಯೋಣ. 1939–40ರಲ್ಲಿ ಫ್ರೆಂಚ್ ಇತಿಹಾಸಕಾರ ಮಾರ್ಕ್ ಬ್ಲಾಕ್ ಬರೆದ ಗ್ರಂಥ ಊಳಿಗಮಾನ್ಯ ಸಮಾಜದ ಮುಖ್ಯ ಲಕ್ಷಣಗಳನ್ನು ಪಟ್ಟಿ ಮಾಡಿದೆ: ಅಧೀನರಾದ ರೈತರು, ಸಂಬಳದ ಬದಲು ಸೇವೆಗಾಗಿ ಭೂಮಿ, ಯೋಧವರ್ಗದ ಮೇಲುಗೈ, ಆಳಿಗೂ ಒಡೆಯನಿಗೂ ನಡುವೆ ಆಣೆಯ ಕಟ್ಟು, ಒಡೆದು ಚೂರಾದ ಅಧಿಕಾರ. ಆದೋನಿಯ ಕೋಟೆಗೆ ಈ ಕೋಲು ಹಿಡಿದು ನೋಡಿ.

ವಿಜಯನಗರದ ನಾಯಕರ ಬಗ್ಗೆ ಹದಿನಾರನೆಯ ಶತಮಾನದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ಬರೆದದ್ದನ್ನೇ ಊಳಿಗಮಾನ್ಯವಾದಿಗಳು ಸಾಕ್ಷಿಯಾಗಿ ಮುಂದಿಡುತ್ತಾರೆ. ಅವನ ಬರಹ ಹೇಳುವುದೇನು? ನೆಲವೆಲ್ಲ ಅರಸನದು, ನಾಯಕರು ಅದನ್ನು ಅವನ ಕೈಯಿಂದ ಪಡೆದವರು. ಇಷ್ಟು ಕಾಲಾಳು, ಇಷ್ಟು ಕುದುರೆ ಸಾಕಬೇಕು, ಇಷ್ಟು ಹಣ ಅರಮನೆಗೆ ಕಟ್ಟಬೇಕು ಎಂಬ ಲೆಕ್ಕ ಅವರ ತಲೆಯ ಮೇಲಿತ್ತು. ಇದು ಸೈನ್ಯ ಸಾಕುವ ಷರತ್ತಿನ ಮೇಲೆ ಕಂದಾಯವನ್ನು ವಹಿಸಿಕೊಟ್ಟ ಏರ್ಪಾಟು. ಹೊಲದ ಮೇಲೆ ಉಳುವವನ ಹಕ್ಕು ಬೇರೆ, ಆ ಹೊಲದ ಕಂದಾಯದ ಮೇಲೆ ನಾಯಕನ ಹಕ್ಕು ಬೇರೆ. ಯುರೋಪಿನ ಪ್ರಭು ತನ್ನ ಸ್ವಂತ ಹೊಲವನ್ನು ಸರ್ಫರ ವಾರದ ಬಿಟ್ಟಿ ದುಡಿಮೆಯಿಂದ ಉಳುಮೆ ಮಾಡಿಸುತ್ತಿದ್ದ. ಇಲ್ಲಿನ ನಾಯಕನಿಗೆ ಬೇಕಾಗಿದ್ದದ್ದು ಬೆಳೆಯಲ್ಲಿ ಪಾಲು, ಅದಕ್ಕಿಂತ ಮಿಗಿಲಾಗಿ ನಾಣ್ಯ.

ಆ ಪಾಲು ವಂಶಪಾರಂಪರ್ಯವಾಗಿ ಬೇರುಬಿಟ್ಟಿತೇ? ಯುರೋಪಿನಲ್ಲಿ ಬಿಟ್ಟಿತು. 1037ರಲ್ಲಿ ಚಕ್ರವರ್ತಿ ಎರಡನೆಯ ಕಾನ್ರಾಡ್ ಇಟಲಿಯ ಚಿಕ್ಕ ಹಿಡುವಳಿದಾರರ ಭೂಮಿ ಮಕ್ಕಳಿಗೆ ಸಲ್ಲಬೇಕೆಂದು ಶಾಸನವನ್ನೇ ಮಾಡಬೇಕಾಯಿತು. ಆದೋನಿಯಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ. ತಾಳಿಕೋಟೆಯ ಯುದ್ಧವಾದ ಮೂರೇ ವರ್ಷಕ್ಕೆ, 1568ರಲ್ಲಿ, ಕೋಟೆ ಬಿಜಾಪುರದ ಕೈಗೆ ಹೋಯಿತು. ಹದಿನೇಳನೆಯ ಶತಮಾನದಲ್ಲಿ ಅಲ್ಲಿ ಕುಳಿತು ಆಳಿದ ಸಿದ್ದಿ ಮಸೂದ್ ಖಾನ್ ಆಫ್ರಿಕಾ ಮೂಲದವನು, ಆದೋನಿಯ ಜಾಮಿಯಾ ಮಸೀದಿ ಕಟ್ಟಿಸಿದವನು. ರಾಘವೇಂದ್ರ ಸ್ವಾಮಿಗಳಿಗೆ ಮಂಚಾಲೆ ಗ್ರಾಮವನ್ನು ಕೊಟ್ಟವನೂ ಅವನೇ ಎಂದು ಮಂತ್ರಾಲಯದ ಐತಿಹ್ಯ ಹೇಳುತ್ತದೆ. 1688ರಲ್ಲಿ ಅವನು ಔರಂಗಜೇಬನ ಸೇನಾಪತಿಗೆ ಕೋಟೆ ಒಪ್ಪಿಸಿದ, ಅವನ ಆಳ್ವಿಕೆ ಅಲ್ಲಿಗೆ ಮುಗಿಯಿತು. ಆಮೇಲೆ ಆದೋನಿ ನಿಜಾಮನ ತಮ್ಮ ಬಸಾಲತ್ ಜಂಗನ ಜಾಗೀರು. ಅವನು 1782ರಲ್ಲಿ ತೀರಿಕೊಂಡ. 1786ರಲ್ಲಿ ಟಿಪ್ಪು ಮುತ್ತಿಗೆ ಹಾಕಿ ಕೋಟೆ ಹಿಡಿದ. ಮತ್ತೆ ನಿಜಾಮ, ಆಮೇಲೆ ಕಂಪನಿ. ಹೈದರಾಬಾದಿನಲ್ಲೋ ಶ್ರೀರಂಗಪಟ್ಟಣದಲ್ಲೋ ಬಿಜಾಪುರದಲ್ಲೋ ಗಾಳಿ ತಿರುಗಿದರೆ ಆದೋನಿಯ ಯಜಮಾನ ಬದಲಾಗುತ್ತಿದ್ದ. ಅವನಿಗೆ ಅಧಿಕಾರ ಬಂದದ್ದು ಸನದಿನಿಂದ, ಹೋದದ್ದೂ ಸನದಿನೊಂದಿಗೆ.

ರೈತನ ವಿಷಯಕ್ಕೆ ಬಂದರೆ ಹೋಲಿಕೆ ಇನ್ನೂ ಕುಸಿಯುತ್ತದೆ. ಯುರೋಪಿನ ಸರ್ಫ್ ಒಡೆಯನ ಅಪ್ಪಣೆಯಿಲ್ಲದೆ ಊರು ಬಿಡುವಂತಿರಲಿಲ್ಲ, ಬಿಟ್ಟರೆ ಹಿಡಿದು ತರುವ ಹಕ್ಕು ಒಡೆಯನಿಗಿತ್ತು. ನಮ್ಮ ಎರೆಹೊಲದ ಸೀಮೆಯಲ್ಲಿ ಮಳೆ ಕೈಕೊಟ್ಟರೂ ಅಮಲ್ದಾರ ಕೈಮಾಡಿದರೂ ರೈತನಿಗಿದ್ದ ಕೊನೆಯ ಅಸ್ತ್ರ ಊರು ಬಿಡುವುದು. ಭೂಮಿ ಬೇಕಾದಷ್ಟಿತ್ತು, ಉಳುವ ಕೈ ಸಾಲದಾಗಿತ್ತು. ಆದ್ದರಿಂದಲೇ ಆಳುವವರು ಹಾಳುಬಿದ್ದ ಹಳ್ಳಿಗಳಿಗೆ ಕೌಲು ಕೊಟ್ಟು, ಮೊದಲ ಕೆಲವು ವರ್ಷ ಕಂದಾಯ ತಗ್ಗಿಸಿ, ತಕಾವಿ ಸಾಲ ಕೊಟ್ಟು ರೈತರನ್ನು ಕರೆದು ಕೂಡಿಸಬೇಕಾಗುತ್ತಿತ್ತು. ಓಡಿಹೋದವನನ್ನು ಕಟ್ಟಿ ತರುವ ಶಕ್ತಿ ಇದ್ದವರು ಕೌಲು ಕೊಟ್ಟು ಕರೆಯುತ್ತಿರಲಿಲ್ಲ. ಇಂದು ಗುಳೆ ಹೋಗುವವರನ್ನು ಊಳಿಗಮಾನ್ಯದ ಬಲಿಪಶುಗಳೆನ್ನುವವರು ಇಷ್ಟು ಯೋಚಿಸಲಿ: ಊಳಿಗಮಾನ್ಯ ಎಂಬುದು ಯಾವುದಾದರೂ ಇದ್ದರೆ ಅದರ ಮೊದಲ ನಿಯಮವೇ ಗುಳೆ ಹೋಗಬಾರದು ಎಂಬುದು.

ಉಳಿದವರು ಪಾಳೇಗಾರರು. ಹೋಲಿಕೆಗೆ ಎಲ್ಲಾದರೂ ಸ್ವಲ್ಪ ಬಲವಿದ್ದರೆ ಅದು ಇಲ್ಲಿ ಎಂದು ಒಪ್ಪುತ್ತೇನೆ. ಕೋಟೆ, ಸ್ವಂತ ಪಡೆ, ಕಾವಲಿಯ ಹೆಸರಿನಲ್ಲಿ ಹಳ್ಳಿಗಳಿಂದ ವಸೂಲಿ, ತನ್ನದೇ ಪಂಚಾಯ್ತಿ ಎಲ್ಲವೂ ಪಾಳೇಗಾರನಿಗಿದ್ದವು. ಕ್ರಿ.ಶ. 1000ರ ಸುಮಾರಿನ ಫ್ರೆಂಚ್ ಕೋಟೆಯ ಒಡೆಯನನ್ನು ಅವನು ದೂರದಿಂದ ನೆನಪಿಸುತ್ತಾನೆ. ಆದರೆ ಹತ್ತಿರ ಹೋಗಿ ನೋಡಿದವನು ಮನ್ರೋ. ನಿಜಾಮ ಬಿಟ್ಟುಕೊಟ್ಟ ಈ ದತ್ತ ಮಂಡಲದಲ್ಲಿ ಅವನಿಗೆ ಎದುರಾದ ಪಾಳೇಗಾರರು ಸುಮಾರು ಎಂಬತ್ತು. 1802ರ ಮಾರ್ಚಿನಲ್ಲಿ ಅವರ ಕುರಿತು ಅವನು ಸಲ್ಲಿಸಿದ ವರದಿಯಲ್ಲಿ ಒಂದೊಂದು ಮನೆತನದ ಹುಟ್ಟು ಬೇರೆಬೇರೆ. ಒಬ್ಬನ ಹಿರಿಯ ಕಾವಲುಗಾರ, ಇನ್ನೊಬ್ಬನ ಹಿರಿಯ ಊರ ಗೌಡ, ಮತ್ತೊಬ್ಬನ ಹಿರಿಯ ಕಂದಾಯ ಗುತ್ತಿಗೆ ಹಿಡಿದವನು. ಮೇಲಿನ ಸರ್ಕಾರ ಬಲಹೀನವಾದಾಗಲೆಲ್ಲ ಕಂದಾಯದ ತುಂಡೊಂದನ್ನು ಕೈಗೆ ಹಾಕಿಕೊಂಡು ಬೆಳೆದವರು ಅವರು. ವರದಿ ಬರೆದವನಿಗೆ ಅವರನ್ನು ಕಿತ್ತೊಗೆಯುವ ಉದ್ದೇಶವಿತ್ತು ಎಂಬುದು ನಿಜ, ಅವನ ಮಾತನ್ನು ಉಪ್ಪುಖಾರ ಕಳೆದೇ ಓದಬೇಕು. ಆದರೂ ಒಂದು ಸಂಗತಿ ಅವನ ಉದ್ದೇಶವನ್ನು ಮೀರಿ ನಿಲ್ಲುತ್ತದೆ. ಯುರೋಪಿನ ಪ್ರಭುಗಳ ಹಕ್ಕುಗಳನ್ನು ಕಳಚಲು ಶತಮಾನಗಳೂ ಕ್ರಾಂತಿಯೂ ಬೇಕಾದವು. ಇಲ್ಲಿನ ಪಾಳೇಗಾರರ ಬಲ ಮುರಿಯಲು ಮನ್ರೋಗೆ ಹಿಡಿದದ್ದು ಕೆಲವೇ ವರ್ಷ. ಇಡೀ ಸಮಾಜದ ಬುಡವೇ ಆಗಿದ್ದ ವ್ಯವಸ್ಥೆಯನ್ನು ಅಷ್ಟು ಬೇಗ ಕೀಳಲಾಗುವುದಿಲ್ಲ. ಕಿತ್ತದ್ದು ಮೇಲಿನ ಒಂದು ಪದರ. ಅದರ ಕೆಳಗೆ ಹಳ್ಳಿಯ ಗೌಡಿಕೆ, ಶಾನುಭೋಗಿಕೆ, ಆಯಗಾರಿಕೆ, ಕೇರಿ ಎಲ್ಲವೂ ಇದ್ದಲ್ಲೇ ಇದ್ದವು.

ಮನ್ರೋ ಕತೆಯ ಇನ್ನೊಂದು ಮಗ್ಗುಲನ್ನು ತೆರ್ನೆಕಲ್ ಹೇಳುತ್ತದೆ. ಇಂದಿನ ದೇವನಕೊಂಡ ಮಂಡಲದ ಈ ಹಳ್ಳಿ 1801ರಲ್ಲಿ ಕಂಪನಿಯ ಕಂದಾಯ ಅಧಿಕಾರದ ಮೇಲೆ ತಿರುಗಿಬಿತ್ತು. ಮುಂದೆ ನಿಂತವನು ಮುತ್ತುಕೂರು ಗೌಡಪ್ಪ, ಊರ ಹಿರಿಯ. ಕಂಪನಿಯ ಮೊದಲ ದಾಳಿ ಊರ ಕೋಟೆಯ ಮುಂದೆ ಸೋತಿತು. ಹೆಚ್ಚಿನ ಪಡೆ ತರಿಸಿದ ಮೇಲೆ ಕೋಟೆ ಬಿತ್ತು, ಗೌಡಪ್ಪನನ್ನು ಗಲ್ಲಿಗೇರಿಸಿದರು. ಊಳಿಗಮಾನ್ಯದ ಕತೆಯಲ್ಲಿ ಇವನಿಗೆ ಜಾಗ ಎಲ್ಲಿದೆ? ಅವನು ಅಮರನಾಯಕನಲ್ಲ, ಎಂಬತ್ತು ಪಾಳೇಗಾರರಲ್ಲಿ ಹೆಸರಾದವನೂ ಅಲ್ಲ. ಅವನ ಹಿಂದೆ ನಿಂತದ್ದು ಆಣೆ ಮಾಡಿದ ವ್ಯಾಸಲರ ಪಡೆಯಲ್ಲ, ಊರು. ಜಗಳ ನಡೆದದ್ದು ಪ್ರಭುವಿಗೂ ಸರ್ಫನಿಗೂ ನಡುವೆ ಅಲ್ಲ, ಊರಿಗೂ ಸರ್ಕಾರಕ್ಕೂ ನಡುವೆ, ಅದೂ ಕಂದಾಯದ ಮೇಲೆ. ಈ ಸೀಮೆಯ ಚರಿತ್ರೆಯ ನಿಜವಾದ ಗೆರೆ ಇಲ್ಲಿದೆ. ಪಾಳೇಗಾರರ ಮೇಲೆ ಕಣ್ಣು ನೆಟ್ಟ ಇತಿಹಾಸಕ್ಕೆ ಅದು ಕಾಣಿಸುವುದಿಲ್ಲ.

ರೈತನ ಬಿಡುಗಡೆ ಎನ್ನುವುದಾದರೂ ಎಂಥದು? ಮನ್ರೋ 1807ರವರೆಗೆ ಸರ್ವೆ ಮಾಡಿಸಿ ಹೊಲ ಹೊಲಕ್ಕೂ ಕಂದಾಯ ಗೊತ್ತುಮಾಡಿದ. ಹೊರಡುವ ಮುನ್ನ ಅವನೇ ಒಪ್ಪಿಕೊಂಡ: ದರ ಹೆಚ್ಚಾಗಿದೆ, ಶೇ. 25ರಷ್ಟು ಇಳಿಸಬೇಕು. ಮದ್ರಾಸು ಸರ್ಕಾರ ಇಳಿಸಲಿಲ್ಲ. ರೈತನಿಂದಲೇ ನೇರವಾಗಿ ಕಂದಾಯ ಎತ್ತುವ ಈ ರೈತವಾರಿಯನ್ನೇ ಬದಿಗಿಟ್ಟು ಹಳ್ಳಿಗಳನ್ನು ಮೊದಲು ಮೂರು ವರ್ಷಕ್ಕೆ, ಆಮೇಲೆ ಹತ್ತು ವರ್ಷಕ್ಕೆ ಗುತ್ತಿಗೆ ಕೊಟ್ಟಿತು. ಮನ್ರೋ ಗವರ್ನರ್ ಆಗಿ ಮರಳಿ ಬರುವವರೆಗೆ ಆ ಇಳಿಕೆ ಕಾಗದದಲ್ಲೇ ಉಳಿಯಿತು. 1827ರ ಜುಲೈಯಲ್ಲಿ ಅವನು ಇದೇ ಸೀಮೆಯ ಪತ್ತಿಕೊಂಡದಲ್ಲಿ ಕಾಲರಾದಿಂದ ಸತ್ತ. ಅವನ ಹೆಸರನ್ನು ಜನ ತಮ್ಮ ಮಕ್ಕಳಿಗೆ ಇಟ್ಟುಕೊಂಡರೆಂಬುದು ಅವನ ಬಗೆಗಿನ ವಿಶ್ವಾಸಕ್ಕೆ ಸಾಕ್ಷಿ ಇರಬಹುದು, ಅವನು ಬಿಟ್ಟುಹೋದ ವ್ಯವಸ್ಥೆಯ ಒಳ್ಳೆಯತನಕ್ಕೆ ಅಲ್ಲ. ಆ ವ್ಯವಸ್ಥೆಯ ಪರೀಕ್ಷೆ ನಡೆದದ್ದು 1876–78ರ ಧಾತು ಈಶ್ವರ ಬರದಲ್ಲಿ. ಆದೋನಿ, ಆಲೂರು ಆಗ ಸೇರಿದ್ದ ಬಳ್ಳಾರಿ ಜಿಲ್ಲೆಯೂ ಪಕ್ಕದ ಕರ್ನೂಲೂ ಮದ್ರಾಸು ಪ್ರಾಂತದಲ್ಲೇ ಹೆಚ್ಚು ಜರ್ಜರಿತವಾದವು. ಮಣ್ಣು ಹೊರುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಒಂದು ಆಣೆ ಸಾಕು ಎಂದು ಬರ ಪರಿಹಾರದ ಉಸ್ತುವಾರಿಗೆ ಬಂದ ಅಧಿಕಾರಿ ರಿಚರ್ಡ್ ಟೆಂಪಲ್ ಲೆಕ್ಕ ಹಾಕಿದ. ಆ ಹೊತ್ತಿಗೆ ಈ ಸೀಮೆಯಲ್ಲಿ ಪಡೆ ಕಟ್ಟಿಕೊಂಡ ಪಾಳೇಗಾರ ಒಬ್ಬನೂ ಇರಲಿಲ್ಲ. ಇದ್ದದ್ದು ಕಲೆಕ್ಟರು, ತಹಶೀಲ್ದಾರ, ಕಿಸ್ತಿನ ದಿನಾಂಕ. ಜನ ಸತ್ತದ್ದು ಮಧ್ಯಯುಗದಲ್ಲಲ್ಲ, ರೈಲು ಬಂದ ಮೇಲೆ.

ಹಳ್ಳಿಯೊಳಗಿನ ದರ್ಪವೂ ಕತ್ತಲ ಯುಗದಿಂದ ತಾನಾಗಿ ತೇಲಿ ಬಂದದ್ದಲ್ಲ. ರೆಡ್ಡಿ, ಕರಣಂ (ಗೌಡ, ಶಾನುಭೋಗ) ಹುದ್ದೆಗಳು ಹಳೆಯವು ನಿಜ. ಅವನ್ನು ಕಾಯಿದೆಯ ಬಲದಿಂದ ಮನೆತನಗಳಿಗೆ ಬಿಗಿದು ಕಟ್ಟಿದ್ದು 1895ರ ಮದ್ರಾಸು ವಂಶಪಾರಂಪರ್ಯ ಗ್ರಾಮಾಧಿಕಾರಿಗಳ ಕಾನೂನು. ಹುಟ್ಟಿನ ಆಧಾರದ ಮೇಲೆ ಸರ್ಕಾರಿ ಹುದ್ದೆ ಕೊಡುವುದು ಸಂವಿಧಾನಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟು ಆಂಧ್ರದಿಂದ ಹೋದ ಗಾಜುಲ ದಶರಥರಾಮರಾವ್ ಪ್ರಕರಣದಲ್ಲಿ ಹೇಳಿದ್ದು ಸ್ವಾತಂತ್ರ್ಯ ಬಂದು ಹದಿಮೂರು ವರ್ಷವಾದ ಮೇಲೆ. ಎನ್.ಟಿ. ರಾಮರಾವ್ ಸರ್ಕಾರ ಕರಣಂ, ಮುನಸಬು ಹುದ್ದೆಗಳನ್ನೇ ರದ್ದುಮಾಡಿದ್ದು 1984ರಲ್ಲಿ. ಅಲ್ಲಿಯವರೆಗೆ ಹೊಲ, ಬೆಳೆಗಳ ಲೆಕ್ಕದ ಅಡಂಗಲ್ ಬರೆಯುವವನ ಲೇಖನಿಯ ಮುಂದೆ ರೈತ ಕೈಕಟ್ಟಿ ನಿಲ್ಲಬೇಕಿತ್ತು. ಆ ಲೇಖನಿಗೆ ಬಲ ಕೊಟ್ಟದ್ದು ಯಾವ ಪ್ರಭುವೂ ಅಲ್ಲ, ಸರ್ಕಾರ.

ಜಾತಿಯ ವಿಷಯದಲ್ಲಿ ಈ ಹೋಲಿಕೆಯ ಅಪರಾಧ ಇನ್ನೂ ದೊಡ್ಡದು. ಸರ್ಫನ ಬಾಳು ಕಷ್ಟದ್ದೇ, ಆದರೆ ಅವನು ಒಡೆಯನ ಇಗರ್ಜಿಗೇ ಹೋಗುತ್ತಿದ್ದ, ಅದೇ ಪಾದ್ರಿಯಿಂದ ಪ್ರಸಾದ ತಗೊಳ್ಳುತ್ತಿದ್ದ. ಒಡೆಯ ಬಿಡುಗಡೆ ಪತ್ರ ಕೊಟ್ಟರೆ ಸ್ವತಂತ್ರನಾಗುತ್ತಿದ್ದ. ಹನ್ನೆರಡನೆಯ ಶತಮಾನದ ಎಷ್ಟೋ ಪಟ್ಟಣಗಳಲ್ಲಿ ಒಂದು ವರ್ಷ ಒಂದು ದಿನ ಸಿಕ್ಕಿಬೀಳದೆ ಇದ್ದರೆ ಅವನ ಜೀತ ಕಳೆಯುತ್ತಿತ್ತು. ನಮ್ಮ ಹಳ್ಳಿಯ ಮಾದಿಗನಿಗೆ, ಮಾಲನಿಗೆ ಅಂಥ ಪತ್ರ ಯಾರು ಕೊಡಬೇಕು? ಅವನನ್ನು ಹಿಡಿದಿದ್ದವನು ಒಬ್ಬ ಒಡೆಯನಲ್ಲ. ಕಪಿಲೆಯ ತೊಗಲು ಹೊಲಿಯುವುದು, ಸತ್ತ ದನ ಎಳೆಯುವುದು, ತಮಟೆ ಬಡಿಯುವುದು, ಊರಿಗೆ ಬಂದ ಅಧಿಕಾರಿಯ ಸಾಮಾನು ಹೊರುವುದು ಎಲ್ಲವೂ ಅವನ ಪಾಲಿಗೆ ಬಿದ್ದದ್ದು ಹುಟ್ಟಿನಿಂದ, ಇಡೀ ಊರಿನ ಹೆಸರಿನಲ್ಲಿ. ಹೆಣ್ಣುಮಗಳನ್ನು ದೇವರ ಹೆಸರಿನಲ್ಲಿ ಬಸವಿ ಬಿಡುವ ಪದ್ಧತಿಯನ್ನು ನಿಷೇಧಿಸಲು ಆಂಧ್ರದಲ್ಲಿ 1988ರ ಕಾನೂನು ಬರಬೇಕಾಯಿತು. ಪಾಳೇಗಾರ ಹೋದಾಗ ಇದ್ಯಾವುದೂ ಹೋಗಲಿಲ್ಲ, ಯಾಕೆಂದರೆ ಇದ್ಯಾವುದೂ ಪಾಳೇಗಾರನದಾಗಿರಲಿಲ್ಲ. ಊರು ಬಿಟ್ಟು ಬೆಂಗಳೂರಿಗೆ ಹೋದವನ ಜಾತಿ ಅವನ ಜೊತೆಗೇ ಬಸ್ಸು ಹತ್ತುತ್ತದೆ, ವರ್ಷ ಕಳೆದು ದಿನ ಕಳೆದರೂ ಇಳಿಯುವುದಿಲ್ಲ. ಇದನ್ನು ಊಳಿಗಮಾನ್ಯ ಎಂದು ಕರೆದ ಕೂಡಲೆ ತಪ್ಪು ಸತ್ತುಹೋದ ಕೋಟೆಯ ಒಡೆಯನ ತಲೆಗೆ ಹೋಗುತ್ತದೆ. ಬದುಕಿರುವ ನಾವೆಲ್ಲ ಪಾರಾಗುತ್ತೇವೆ.

ಎದುರಾಳಿಗಳ ಮಾತನ್ನು ಕೇಳದೆ ಮುಂದೆ ಹೋಗಬಾರದು. ಇತಿಹಾಸಕಾರ ಆರ್.ಎಸ್. ಶರ್ಮ 1965ರ ತಮ್ಮ ಗ್ರಂಥದಲ್ಲಿ ಹೇಳಿದ್ದನ್ನು ಹಗುರಾಗಿ ತಳ್ಳಿಹಾಕಲಾಗದು. ದಾನಶಾಸನಗಳ ಮೂಲಕ ಅರಸರು ತೆರಿಗೆಯ ಹಕ್ಕನ್ನೂ ನ್ಯಾಯದ ಹಕ್ಕನ್ನೂ ಬ್ರಾಹ್ಮಣರಿಗೆ, ದೇವಾಲಯಗಳಿಗೆ, ಅಧಿಕಾರಿಗಳಿಗೆ ಬಿಟ್ಟುಕೊಟ್ಟರು, ವ್ಯಾಪಾರ ಕುಗ್ಗಿತು, ಪಟ್ಟಣಗಳು ಸೊರಗಿದವು, ಅಧಿಕಾರ ಚೂರಾಯಿತು ಎಂಬುದು ಅವರ ವಾದ. ಈ ವಾದವನ್ನು ಆದೋನಿ ಸೀಮೆಗೆ ತಂದು ನೋಡಿ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಇದು ಸಿಂದವಾಡಿ ಸಾಸಿರ ನಾಡಿಗೆ ಸೇರಿದ್ದು. ಪೆದ್ದತುಂಬಳದ ಕಡೆಯ ಕನ್ನಡ ಶಾಸನಗಳು ಇಂದಿಗೂ ಅದಕ್ಕೆ ಸಾಕ್ಷಿ. ಅದೇ ಹನ್ನೊಂದು, ಹನ್ನೆರಡನೆಯ ಶತಮಾನಗಳಲ್ಲಿ ಅಯ್ಯಾವೊಳೆ ಐನೂರ್ವರೆಂಬ ವರ್ತಕ ಸಂಘದವರು ಕನ್ನಡ ನಾಡಿನ ಉದ್ದಗಲಕ್ಕೂ ವ್ಯಾಪಾರ ನಡೆಸುತ್ತಿದ್ದರು, ಸೆಟ್ಟಿಗಳೂ ಪಟ್ಟಣದ ವರ್ತಕರ ಸಂಘಗಳಾದ ನಕರಗಳೂ ಗಾವುಂಡರೂ ಸೇರಿ ದಾನ ಬಿಡುತ್ತಿದ್ದರು, ಸುಂಕದ ಅಧಿಕಾರಿಗಳು ಹೇರಿನ ಲೆಕ್ಕದಲ್ಲಿ ಸುಂಕ ಎತ್ತುತ್ತಿದ್ದರು. ಕುಗ್ಗಿದ ವ್ಯಾಪಾರದ ಚಿತ್ರ ಇದಲ್ಲ. ಅಧಿಕಾರ ಹಂಚಿಹೋಗಿದ್ದುದು ನಿಜ, ಆದರೆ ಹಂಚಿಕೆಯಾದದ್ದು ಒಬ್ಬ ಪ್ರಭುವಿಗಲ್ಲ, ಗಾವುಂಡರಿಗೆ, ಮಹಾಜನರಿಗೆ, ನಕರಕ್ಕೆ. ಇನ್ನೊಬ್ಬ ಇತಿಹಾಸಕಾರ ಹರ್ಬನ್ಸ್ ಮುಖಿಯಾ ಎಪ್ಪತ್ತರ ದಶಕದ ಕೊನೆಯಲ್ಲೇ ಭಾರತದಲ್ಲಿ ಊಳಿಗಮಾನ್ಯ ಇತ್ತೇ ಎಂದು ಕೇಳಿ ಇಲ್ಲವೆಂದಿದ್ದರು. ಆ ಚರ್ಚೆ ನಮ್ಮ ಪಠ್ಯಪುಸ್ತಕಗಳನ್ನು ಇನ್ನೂ ಸರಿಯಾಗಿ ಮುಟ್ಟಿಲ್ಲ.

ಮಾರ್ಕ್ಸ್‌ವಾದಿ ಗೆಳೆಯರು ಇನ್ನೊಂದು ಮಾತು ಹೇಳುತ್ತಾರೆ: ಆಣೆ, ಸೇವೆಗೆ ಕೊಟ್ಟ ಭೂಮಿ ಎಲ್ಲ ಹೊರಗಿನ ವೇಷ, ರೈತನ ಮಿಗುತಾಯವನ್ನು ಬಲವಂತದಿಂದ ಕಸಿಯುವುದೇ ಊಳಿಗಮಾನ್ಯದ ಒಳಗಿನ ಸತ್ವ. ಹಾಗಾದರೆ ಚೀನಾದ ಮ್ಯಾಂಡರಿನ್, ಮೊಘಲರ ಮನಸಬ್‌ದಾರ, ಕಂಪನಿಯ ಕಲೆಕ್ಟರ್ ಎಲ್ಲರೂ ಊಳಿಗಮಾನ್ಯ ಪ್ರಭುಗಳೇ. ಎಲ್ಲ ಬೀಗಕ್ಕೂ ಹೊಂದುವ ಕೀಲಿಕೈ ಕೈಯಲ್ಲಿದ್ದರೆ ಯಾವ ಮನೆಯ ಬೀಗ ತೆರೆದೆವು ಎಂಬುದೇ ಗೊತ್ತಾಗುವುದಿಲ್ಲ. ಕಸಿದವರು ಯಾರು, ಯಾವ ಕಾಗದದ ಬಲದಿಂದ ಕಸಿದರು, ಕಸಿದದ್ದು ಎಲ್ಲಿಗೆ ಹೋಯಿತು ಎಂದು ಕೇಳುವುದೇ ಮಾರ್ಕ್ಸ್‌ನಿಂದ ಕಲಿಯಬೇಕಾದ ಪಾಠ. ಆ ಪ್ರಶ್ನೆಗಳನ್ನು ಈ ಒಂದು ಪದ ಮುಚ್ಚಿಹಾಕುತ್ತದೆ.

ಮೂರನೆಯ ಗುಂಪಿನವರು ನನ್ನ ವಾದವನ್ನು ಕೇಳಿ ಸಂತೋಷಪಡಬಹುದು: ನೋಡಿದಿರಾ, ನಮ್ಮಲ್ಲಿ ಊಳಿಗಮಾನ್ಯ ಇರಲೇ ಇಲ್ಲ, ಹಳ್ಳಿ ಎಂಬುದು ಹೊಂದಾಣಿಕೆಯ ತೊಟ್ಟಿಲಾಗಿತ್ತು ಎಂದು. ಅವರಿಗೆ ನನ್ನ ಉತ್ತರ ನೇರ. ಯುರೋಪಿನ ಸರ್ಫಗಿರಿ ಇಲ್ಲಿ ಇರಲಿಲ್ಲ ಎಂದರೆ ಇಲ್ಲಿ ದಬ್ಬಾಳಿಕೆ ಇರಲಿಲ್ಲ ಎಂದಲ್ಲ. ಇಲ್ಲಿದ್ದದ್ದು ಇನ್ನೂ ಗಟ್ಟಿಯಾದದ್ದು, ಕಾನೂನಿನ ಒಂದು ಏಟಿಗೆ ಬೀಳದಂಥದ್ದು.

ಬಣರಾಜಕೀಯವನ್ನೇ ನೋಡಿ. ಸೀಮೆಯ ಹಳ್ಳಿಗಳ ಫ್ಯಾಕ್ಷನ್ ಜಗಳ ನಡೆಯುವುದು ಪಂಚಾಯ್ತಿ ಚುನಾವಣೆ, ಸಹಕಾರ ಸಂಘ, ಕಾಮಗಾರಿ ಗುತ್ತಿಗೆ, ಪಕ್ಷದ ಟಿಕೆಟ್ಟಿನ ಸುತ್ತ, ಹಿಂದೆ ಸಾರಾಯಿ ಹರಾಜಿನ ಸುತ್ತಲೂ ನಡೆಯುತ್ತಿತ್ತು. ಇವುಗಳಲ್ಲಿ ಯಾವುದು ಪಾಳೇಗಾರನ ಕಾಲದ್ದು? ಗಡಿಯಾಚೆ ಬಳ್ಳಾರಿಯ ಗಣಿ ದರ್ಬಾರನ್ನೂ ಇದೇ ಪದದಿಂದ ವರ್ಣಿಸಿದರು. 2011ರ ಲೋಕಾಯುಕ್ತ ವರದಿ ಬಯಲಿಗೆಳೆದದ್ದು ಗಣಿ ಗುತ್ತಿಗೆ, ಸಾಗಣೆ ಪರ್ಮಿಟ್ಟು, ಬಂದರಿನ ಮೂಲಕ ಹೋದ ಅದಿರು, ಕಣ್ಣುಮುಚ್ಚಿದ ಇಲಾಖೆಗಳನ್ನು. ಅದು ಅಪ್ಪಟ ಇಪ್ಪತ್ತೊಂದನೆಯ ಶತಮಾನದ ವ್ಯವಹಾರ. ಅದಕ್ಕೆ ಮಧ್ಯಯುಗದ ಹೆಸರಿಟ್ಟದ್ದರಿಂದ ಲಾಭವಾದದ್ದು ಈ ಕಾಲದವರಿಗೇ.

ಗುಳೆಯ ಮಾತೂ ಅಷ್ಟೇ. ಕೋಸಿಗಿಯ ಹುಡುಗಿ ಶಾಲೆ ಬಿಟ್ಟು ಗುಂಟೂರಿಗೆ ಹೋಗುವುದು ಯಾವ ನಾಯಕನ ಆಣೆಯಿಂದಲೂ ಅಲ್ಲ. ಮಳೆಯಾಧಾರದ ಹೊಲ, ತುಂಗಭದ್ರಾ ಕೆಳಮಟ್ಟದ ಕಾಲುವೆಯ ಕೊನೆಯಂಚಿಗೆ ಸರಿಯಾಗಿ ಬಾರದ ನೀರು, ಹತ್ತಿ ಬೀಜ ಮತ್ತು ಗೊಬ್ಬರದ ಸಾಲ, ಆದೋನಿ ಮಾರುಕಟ್ಟೆಯ ಬೆಲೆ ಅವಳನ್ನು ಬಸ್ಸು ಹತ್ತಿಸುತ್ತವೆ. 1953ರಲ್ಲಿ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು, ಬಳ್ಳಾರಿ ಮೈಸೂರಿಗೆ ಬಂತು. ಅಂದಿನಿಂದ ಎರಡೂ ರಾಜಧಾನಿಗಳಿಗೆ ಈ ಕನ್ನಡ–ತೆಲುಗು ಸೀಮೆ ಅಂಚಿನ ಊರು. ಅಂಚಿನ ಊರಿನ ಬಡತನಕ್ಕೆ ಇತಿಹಾಸದ ಕಾರಣ ಕೊಟ್ಟರೆ ಬಜೆಟ್ಟಿನಲ್ಲಿ ಕಾರಣ ಹುಡುಕುವ ಕೆಲಸ ತಪ್ಪುತ್ತದೆ.

ಆದ್ದರಿಂದ ಪಠ್ಯ ಬರೆಯುವವರಲ್ಲಿ, ಪತ್ರಕರ್ತರಲ್ಲಿ, ವೇದಿಕೆ ಹತ್ತುವ ಪ್ರಗತಿಪರರಲ್ಲಿ ಒಂದು ಮನವಿ. ಆದೋನಿಯ ಬಗ್ಗೆ ಬರೆಯುವಾಗ ಪಿರಮಿಡ್ಡಿನ ಚಿತ್ರ ಬದಿಗಿಡಿ. ಇನಾಂ ದಾಖಲೆ, ಕಿಸ್ತಿನ ಲೆಕ್ಕ, ಕರಣಂ ಬರೆದ ಅಡಂಗಲ್, ಕೇರಿಯವರ ನೆನಪು ಇವನ್ನು ಓದಿ, ಕೇಳಿ. ತೆರ್ನೆಕಲ್ಲಿನ ಗೌಡಪ್ಪನಿಗೆ ಪಾಠದಲ್ಲಿ ಜಾಗ ಕೊಡಿ. ಹಳ್ಳಿಯಲ್ಲಿ ಅನ್ಯಾಯ ಕಂಡರೆ ಅದು ಯಾವ ಜಾತಿಯದು, ಯಾವ ಇಲಾಖೆಯದು, ಯಾವ ಗುತ್ತಿಗೆದಾರನದು ಎಂದು ಬರೆಯಿರಿ. ಸತ್ತ ಪಾಳೇಗಾರನ ಮೇಲೆ ಮೊಕದ್ದಮೆ ಹೂಡುವುದು ಸುಲಭ, ಅವನು ಕೋರ್ಟಿಗೆ ಬರುವುದಿಲ್ಲ. ಬರಬೇಕಾದವರು ಬದುಕಿದ್ದಾರೆ, ಅವರಿಗೆ ವಿಳಾಸವಿದೆ.